ಬೀದಿಯಲ್ಲಿ ಮಲಗಿದವರನ್ನು ಕಂಡ ಸೋದರರು

ಕೃಷ್ಣಾ ಭೀಮೆಯರ ನಡುವಣ ನಮ್ಮ ಸಗರನಾಡಿನಲ್ಲಿ ಸುಗ್ಗಿ ತೀರಿ ಕೂಲಿ ತಪ್ಪಿದ ದಿನಗಳಲ್ಲಿ, ಸುರಪುರ ಶಹಾಪುರಗಳ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತವರಿಗೆ, ಕೌದಿಯ ಗಂಟನ್ನು ತಲೆಯ ಮೇಲೂ, ಕೂಸನ್ನು ಬಗಲಲ್ಲೂ, ಕಟಕ ರೊಟ್ಟಿಯ ಬುತ್ತಿಯನ್ನು ಕೈಯಲ್ಲೂ ಹಿಡಿದು ಬೆಂಗಳೂರಿನ ಬಸ್ಸಿಗೆ ಕಾದಿರುವ ಸಂಸಾರಗಳು ಕಾಣದೆ ಇರವು. ಗುಳೆ ಹೋದ ಈ ಜನಕ್ಕೆ ಆ ಮಹಾನಗರದಲ್ಲಿ ಎಷ್ಟೋ ಇರುಳು ಬೀದಿಯ ಅಂಚೇ ಹಾಸಿಗೆಯಾಗುವುದನ್ನು ಬಲ್ಲವನಾದುದರಿಂದ, ಅನಂತನಾಗ್ ಮತ್ತು ಶಂಕರನಾಗ್ ಸೋದರರನ್ನು ನೆನೆವಾಗಲೆಲ್ಲ ನನ್ನ ಚಿತ್ತ ಮೊದಲು ಹೋಗುವುದು ‘ಆಕ್ಸಿಡೆಂಟ್’ ಚಿತ್ರದ ಕಡೆಗೆ.

ಶಂಕರನಾಗ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಓಡಿಸಿದ ಕಾರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಯುತ್ತದೆ. ಮಗನನ್ನು ಉಳಿಸಿಕೊಳ್ಳಲು ಅಧಿಕಾರವನ್ನೆಲ್ಲ ಹೂಡುವ ತಂದೆಯಾಗಿ ಅಣ್ಣ ಅನಂತನಾಗ್, ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನಾಗಿ ತಮ್ಮ ಶಂಕರನಾಗ್ ಎದುರುಬದುರಾಗಿ ನಿಲ್ಲುತ್ತಾರೆ. ಒಡಹುಟ್ಟಿದವರು ಅನ್ಯಾಯದ ಎರಡು ಬದಿಗಳನ್ನು ಹಂಚಿಕೊಂಡು ಆಡಿದ ಈ ಕೃತಿಗೆ ರಾಷ್ಟ್ರಪ್ರಶಸ್ತಿ ದೊರೆತುದು ಉಚಿತವೇ. ಆದರೆ ಹೆಸರಿಲ್ಲದವರ ಸಾವನ್ನು ಕಥೆಯ ಕೇಂದ್ರದಲ್ಲಿರಿಸಿದ ಧೈರ್ಯವೇ ಅದರ ನಿಜವಾದ ಹಿರಿಮೆ.

ಕರಾವಳಿಯ ಮನೆತನದಲ್ಲಿ ಹುಟ್ಟಿ ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ಇವರಲ್ಲಿ ಅನಂತನಾಗ್ ‘ಅಂಕುರ್’, ‘ಹಂಸಗೀತೆ’ಗಳಿಂದ ಮೊದಲೇ ಹೆಸರಾಗಿದ್ದರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಯೋಧನಾಗಿ 1978ರಲ್ಲಿ ಬೆಳ್ಳಿತೆರೆಗೆ ಬಂದ ಶಂಕರನಾಗ್, ಎರಡೇ ವರ್ಷದಲ್ಲಿ ‘ಮಿಂಚಿನ ಓಟ’ವನ್ನು ನಿರ್ದೇಶಿಸಿ, ಸೆರೆಮನೆಯಿಂದ ಪಾರಾಗುವ ಕಳ್ಳರ ಕಥೆಯಲ್ಲಿ ಅಣ್ಣನೊಡನೆ ತಾವೂ ನಟಿಸಿದರು. ಆಗುಂಬೆಯ ದೊಡ್ಡಮನೆಯಂಗಳವನ್ನು ಆರ್. ಕೆ. ನಾರಾಯಣರ ಊರಾಗಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಮಿಠಾಯಿ ಮಾರುವ ಜಗನ್ ಆದವರೂ ಅನಂತನಾಗರೇ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ, ರಸ್ತೆ ಅಪಘಾತವೇ ಮೂವತ್ತೈದರ ಹರೆಯದ ಶಂಕರನಾಗರನ್ನು ಕೊಂಡೊಯ್ದಿತು. ಅಣ್ಣನು ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕದಲ್ಲಿ ಆ ಬಾಳನ್ನು ಬರೆದಿಟ್ಟರು. ಅವರಿಗೆ 2025ರಲ್ಲಿ ಪದ್ಮಭೂಷಣ ಸಂದಾಗ, ತಮ್ಮನಿಲ್ಲದ ಕೊರತೆ ನಮ್ಮಂಥ ಪ್ರೇಕ್ಷಕರಿಗೂ ನೆನಪಾಗದೆ ಇರಲಿಲ್ಲ.

ಯುಗಾದಿಗೆ ಊರು ಸೇರಿದ ದುಡಿವ ಜನರ ಮುಂದೆ, ನಮ್ಮ ಹಳ್ಳಿಯ ಬಯಲಿನಲ್ಲಿ ಪರದೆ ಕಟ್ಟಿ ‘ಆಕ್ಸಿಡೆಂಟ್’ ತೋರಿಸಬೇಕೆಂಬುದು ನನ್ನ ಬಹುಕಾಲದ ಆಸೆ. ಅದೇ ಕೌದಿಗಳನ್ನು ಹಾಸಿ ಕುಳಿತು ಅವರು ಅದನ್ನು ನೋಡಬೇಕು.