ನಿಮಗಿದು ಗೊತ್ತೇ? ದೊಡ್ಡ ಡಿಸ್ಕಿನ ಸಣ್ಣ ಗುಟ್ಟುಗಳು

ಕೋಲ್ಕತ್ತದಲ್ಲಿ ಕಂಪ್ಯೂಟರ್ ಸಾಮಾನು ಎಲ್ಲಿ ಸಿಗುತ್ತದೆಂದು ಯಾರನ್ನು ಕೇಳಿದರೂ ಚಾಂದ್ನಿ ಚೌಕದ ದಾರಿ ತೋರಿಸುತ್ತಾರೆ. ಮೆಟ್ರೊ ಇಳಿದು ಮೇಲೆ ಬಂದರೆ ಸಾಲು ಸಾಲು ಅಂಗಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಲು ಬಂದವರ ಮೊದಲ ಪ್ರಶ್ನೆ ‘ಎಷ್ಟು ಟಿಬಿ?’. ಆ ಪ್ರಶ್ನೆಯ ಜೊತೆಗೆ ತಿಳಿದಿರಬೇಕಾದ ಇನ್ನಷ್ಟು ಸಂಗತಿಗಳು ಇಲ್ಲಿವೆ.

● ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ದುರ್ಗಾಪೂಜೆಯ ರಾತ್ರಿಗಳಲ್ಲಿ ಪೆಂಡಾಲು ಸುತ್ತಿ ಒಟ್ಟು ಹತ್ತು ಗಂಟೆ ಚಿತ್ರೀಕರಿಸಿದರೆ 450 ಜಿಬಿ! 4 ಟಿಬಿ ಡಿಸ್ಕಿನಲ್ಲಿ ಒಂಬತ್ತರಲ್ಲೊಂದು ಪಾಲು ಒಂದೇ ಹಬ್ಬಕ್ಕೆ ಖರ್ಚು.

● ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ನೆಲೆಸಿದ್ದು ಕೋಲ್ಕತ್ತದಲ್ಲೇ. 1950ರ ದಶಕದ ನಡುವೆ ಬಾರಾನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬ್ರಿಟನ್ನಿನಿಂದ ತರಿಸಿದ ಎಚ್‌ಇಸಿ-2ಎಂ ಅದು. ಅದರ ನೆನಪೆಲ್ಲ ಇದ್ದದ್ದು ಗಿರಗಿರ ತಿರುಗುವ ಒಂದು ಕಾಂತೀಯ ಡ್ರಮ್ಮಿನಲ್ಲಿ. ಹಿಡಿಸುತ್ತಿದ್ದುದು ಬರೇ 1,024 ಸಂಖ್ಯೆಗಳು.

● 1956ರಲ್ಲಿ ಐಬಿಎಂ ಹೊರತಂದ ಜಗತ್ತಿನ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊಗೇ ಅಷ್ಟು ಜಾಗ ಬೇಕು.

● 4 ಟಿಬಿ ಎಂದು ಕೊಂಡ ಡಿಸ್ಕು ವಿಂಡೋಸ್‌ನಲ್ಲಿ 3.63 ಟಿಬಿ ಎಂದು ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ತಯಾರಕರು ಲೆಕ್ಕ ಹಾಕುವುದು ಸಾವಿರದ ಮಡಿಯಲ್ಲಿ, ವಿಂಡೋಸ್ 1,024ರ ಮಡಿಯಲ್ಲಿ. ಒಂದು ಬೈಟ್ ಕೂಡ ಕಳೆದಿಲ್ಲ. ಅದೇ ಡಿಸ್ಕು ಮ್ಯಾಕ್‌ನಲ್ಲಿ 4 ಟಿಬಿ ಎಂದೇ ಕಾಣುತ್ತದೆ.

● ಜೇಬಿನಲ್ಲಿ ಹಿಡಿಸುವ ಡಿಸ್ಕಿನೊಳಗೆ ಇರುವುದು ಲ್ಯಾಪ್‌ಟಾಪಿನ 2.5 ಇಂಚಿನ ತಟ್ಟೆ. ಯುಎಸ್‌ಬಿ ವೈರಿನಿಂದ ಬರುವ ವಿದ್ಯುತ್ತೇ ಅದಕ್ಕೆ ಸಾಕು. 8 ಟಿಬಿ, 12 ಟಿಬಿಯ ದಪ್ಪ ಪೆಟ್ಟಿಗೆಗಳೊಳಗೆ ಇರುವುದು 3.5 ಇಂಚಿನದು. ಅದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಪಿನ್ ಕೂತಿತೆಂದು ಮನೆಯಲ್ಲಿದ್ದ ಬೇರಾವುದೋ ಅಡಾಪ್ಟರ್ ಚುಚ್ಚಿದರೆ ಡಿಸ್ಕಿನ ಸರ್ಕೀಟು ಸುಟ್ಟೀತು. ಅಡಾಪ್ಟರಿನ ಮೇಲೆ ಇಂದೇ ಡಿಸ್ಕಿನ ಹೆಸರು ಬರೆದಿಡಿ.

● ಅನೇಕ ಎಕ್ಸ್‌ಟರ್ನಲ್ ಡಿಸ್ಕುಗಳ ಚಪ್ಪಟೆ ಸಾಕೆಟ್ಟು ಎರಡು ಭಾಗವಾಗಿರುತ್ತದೆ, ಒಂದು ಅಗಲ, ಇನ್ನೊಂದು ಕಿರಿದು. ಅಗಲದ ಭಾಗಕ್ಕೆ ಹಳೆಯ ಫೋನಿನ ಚಾರ್ಜರ್ ವೈರು ಸರಿಯಾಗಿ ಕೂರುತ್ತದೆ, ಡಿಸ್ಕೂ ಕೆಲಸ ಮಾಡುತ್ತದೆ. ಆದರೆ ವೇಗ ಯುಎಸ್‌ಬಿ 2.0ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 40 ಎಂಬಿಯಂತೆ 4 ಟಿಬಿ ತುಂಬಲು ಸುಮಾರು 28 ಗಂಟೆ. ಪೆಟ್ಟಿಗೆಯಲ್ಲಿ ಬಂದ ವೈರನ್ನೇ ಬಳಸಿ, ಕಂಪ್ಯೂಟರಿನ ನೀಲಿ ಪೋರ್ಟಿಗೆ ಚುಚ್ಚಿದರೆ ಅದೇ ಕೆಲಸ 9–10 ಗಂಟೆಯಲ್ಲಿ ಮುಗಿದೀತು.

● ಬಿಡಿ ಡಿಸ್ಕು ಕೊಂಡು ಕೇಸಿಂಗಿಗೆ ಹಾಕುವವರನ್ನು ವಿಂಡೋಸ್ ಮೊದಲು ಕೇಳುವುದು: ಎಂಬಿಆರ್ ಬೇಕೋ, ಜಿಪಿಟಿ ಬೇಕೋ? ಎಂಬಿಆರ್ ಒತ್ತಿದರೆ 8 ಟಿಬಿ ಡಿಸ್ಕಿನಲ್ಲೂ ಬಳಕೆಗೆ ಸಿಗುವುದು 2 ಟಿಬಿ ಮಾತ್ರ, ಉಳಿದದ್ದು ಇದ್ದೂ ಇಲ್ಲದಂತೆ. ಆ ಹಳೆಯ ಪದ್ಧತಿಗೆ ಅದಕ್ಕಿಂತ ಮುಂದೆ ಎಣಿಕೆ ಬರುವುದಿಲ್ಲ. ಜಿಪಿಟಿಯನ್ನೇ ಆರಿಸಿ. ತೀರ ಹಳೆಯ ಕೇಸಿಂಗುಗಳಿಗೂ 2 ಟಿಬಿಗಿಂತ ಆಚೆ ಕಾಣಿಸದು.

● ಫಾರ್ಮ್ಯಾಟ್ ಯಾವುದು? ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರದು. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಒಳ್ಳೆಯದು. ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಎರಡರಲ್ಲೂ ನಡೆಯುವುದು ಎಕ್ಸ್‌ಫ್ಯಾಟ್. ಆದರೆ ಬರೆಯುತ್ತಿರುವಾಗ ವೈರು ಕಿತ್ತರೆ ಕೆಟ್ಟುಹೋಗುವ ಅಪಾಯ ಇದಕ್ಕೆ ಹೆಚ್ಚು, ಏಕೆಂದರೆ ನಡುವೆ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳಲು ಬೇಕಾದ ದಿನಚರಿಯನ್ನು ಅದು ಬರೆದಿಡುವುದಿಲ್ಲ.

● ಕೆಲವು ಡಿಸ್ಕುಗಳು ಮೊದಲು ಸರಾಗ ಓಡಿ, ತುಂಬುತ್ತ ಬಂದಂತೆ ಆಮೆನಡಿಗೆ ಹಿಡಿಯುತ್ತವೆ. ಕಾರಣ ‘ಎಸ್‌ಎಂಆರ್’. ಇದರಲ್ಲಿ ಮಾಹಿತಿಯ ಪಥಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ನಡುವಿನ ಒಂದನ್ನು ಬದಲಿಸಲು ಮುಂದಿನವನ್ನೂ ತಿದ್ದಿ ಬರೆಯಬೇಕು. ಬ್ಯಾಕಪ್ ಮಾಡಿ ಎತ್ತಿಡುವವರಿಗೆ ಇದರಿಂದ ತೊಂದರೆಯಿಲ್ಲ. ದಿನವೂ ಎಡಿಟಿಂಗ್ ಮಾಡುವವರು ಪಥಗಳು ಹೀಗೆ ಒಂದರ ಮೇಲೊಂದು ಕೂರದ ‘ಸಿಎಂಆರ್’ ಕೇಳಿ ಕೊಳ್ಳಬೇಕು.

● ದೊಡ್ಡ ಅಳತೆಯ ಅನೇಕ ಡಿಸ್ಕುಗಳೊಳಗೆ ಗಾಳಿಯಿಲ್ಲ, ಹೀಲಿಯಂ ಇದೆ. ಗಾಳಿಯ ಏಳನೇ ಒಂದರಷ್ಟೇ ಸಾಂದ್ರತೆ ಇರುವುದರಿಂದ ತಟ್ಟೆಗಳು ಕಡಿಮೆ ತಡೆಯಲ್ಲಿ ತಿರುಗುತ್ತವೆ. ಇಂಥ ಮೊದಲ ಡಿಸ್ಕು ಮಾರುಕಟ್ಟೆಗೆ ಬಂದದ್ದು 2013ರಲ್ಲಿ, ಅಳತೆ 6 ಟಿಬಿ. ಹೀಲಿಯಂ ಪತ್ತೆಯಾದ ಕಥೆಯೂ ನಮ್ಮ ನೆಲದಲ್ಲೇ ಶುರುವಾಗುತ್ತದೆ, 1868ರ ಆಗಸ್ಟ್ 18ರಂದು ಗುಂಟೂರಿನಲ್ಲಿ ನಡೆದ ಗ್ರಹಣ ವೀಕ್ಷಣೆಯಿಂದ. ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲೂ ಹೀಲಿಯಂ ಉಕ್ಕುತ್ತದೆ.

● ಗಾಳಿ ತುಂಬಿದ ಡಿಸ್ಕುಗಳಿಗೆ ಉಸಿರಾಡಲು ಪುಟ್ಟ ತೂತು ಇರುತ್ತದೆ. ‘ಇದನ್ನು ಮುಚ್ಚಬೇಡಿ’ ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅವುಗಳ ಓದುಮುಳ್ಳು ತಟ್ಟೆಯ ಮೇಲೆ ತೇಲುವುದು ಗಾಳಿಯ ಪದರದ ಬಲದಿಂದಲೇ. ಹಾಗಾಗಿ ಸಾಮಾನ್ಯವಾಗಿ ಸುಮಾರು 3,000 ಮೀಟರಿಗಿಂತ ಎತ್ತರದಲ್ಲಿ ಅವನ್ನು ಚಾಲೂ ಮಾಡಬಾರದು. ಡಾರ್ಜಿಲಿಂಗಿನಲ್ಲಿ ಭಯವಿಲ್ಲ. 3,636 ಮೀಟರಿನ ಸಂದಕ್‌ಫು ಹತ್ತುವವರು ಎಸ್‌ಎಸ್‌ಡಿ ಒಯ್ಯಲಿ.

● ಎಸಿ ಕೋಣೆಯಲ್ಲಿ ತಣ್ಣಗಾದ ಡಿಸ್ಕನ್ನು ಜೂನ್ ತಿಂಗಳ ಕೋಲ್ಕತ್ತದ ಜಿಗುಟು ಸೆಕೆಗೆ ತಂದ ಕೂಡಲೇ ಚಾಲೂ ಮಾಡಬೇಡಿ. ಕನ್ನಡಕದ ಮೇಲೆ ಹಬೆ ಕೂರುವ ಹೊತ್ತಿನಲ್ಲಿ ಡಿಸ್ಕಿಗೂ ತೇವ ಹಿಡಿಯುತ್ತದೆ. ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಜೋಡಿಸಿ.

● ಕೋಲ್ಕತ್ತಕ್ಕೆ ವಿದ್ಯುತ್ ಕಂಪನಿಯ ಕರೆಂಟು ಹರಿದದ್ದು 1899ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತುವುದಕ್ಕೆ ಆರು ವರ್ಷ ಮೊದಲೇ. ಆದರೂ ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಕಾಲಬೈಶಾಖಿ ಬಿರುಗಾಳಿ ಬೀಸಿದರೆ ಕರೆಂಟಿನ ಮೇಲೆ ನಂಬಿಕೆ ಇಡುವಂತಿಲ್ಲ. ಯುಪಿಎಸ್‌ಗೆ ಕಂಪ್ಯೂಟರನ್ನಷ್ಟೇ ಜೋಡಿಸಿ ಡಿಸ್ಕಿನ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೇ ಬಿಟ್ಟಿದ್ದೀರಾ? ಅದನ್ನೂ ಯುಪಿಎಸ್‌ಗೆ ಸೇರಿಸಿ.

● ‘16 ಟಿಬಿ’ ಎಂದು ಅಗ್ಗಕ್ಕೆ ಮಾರುವ ಅಂಗೈಯಗಲದ ಡಬ್ಬಿಗಳ ಒಳಗೆ ಎಷ್ಟೋ ಸಲ ಇರುವುದು ಒಂದು ಮೆಮೊರಿ ಕಾರ್ಡು. ಅಳತೆಯನ್ನು ಸುಳ್ಳು ಹೇಳುವಂತೆ ಅದಕ್ಕೆ ಕಲಿಸಿರುತ್ತಾರೆ. ಫೈಲುಗಳ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಡಿಸ್ಕನ್ನು ಪೂರ್ತಿ ತುಂಬಿಸಿ, ಮರಳಿ ಓದಿ ನಿಜ ಹೇಳುತ್ತದೆ. ವಾಪಸು ಕೊಡುವ ಗಡುವು ಮುಗಿಯುವ ಮೊದಲೇ ಇದನ್ನು ಓಡಿಸಿ.

● ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ತಂತ್ರಾಂಶ ತೆರೆದು 05 ಮತ್ತು ಸಿ5 ಎಂಬ ಸಾಲು ನೋಡಿ. ಹೊಸ ಡಿಸ್ಕಿನಲ್ಲಿ ಎರಡೂ ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಅಂದೇ ಬೇರೆ ಕಡೆಗೆ ನಕಲು ಮಾಡಿ.

● ಮೂರು ವರ್ಷದ ವಾರಂಟಿ ಎಂದರೆ ಕೆಟ್ಟರೆ ಬೇರೆ ಡಿಸ್ಕು ಕೊಡುತ್ತಾರೆ ಎಂದಷ್ಟೇ. ಒಳಗಿದ್ದ ಮದುವೆಯ ವಿಡಿಯೊಗೆ ಯಾವ ವಾರಂಟಿಯೂ ಇಲ್ಲ.

● ನಕಲಿಲ್ಲದೆ ಕಳೆದುಕೊಂಡ ನೋವು ಕನ್ನಡಕ್ಕೂ ಇದೆ, ಅದೂ ಕೋಲ್ಕತ್ತದ ಮಗ್ಗುಲಲ್ಲೇ. 1812ರ ಮಾರ್ಚ್ 11ರಂದು ಹೂಗ್ಲಿ ದಂಡೆಯ ಶ್ರೀರಾಮಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವಿಲಿಯಂ ಕೇರಿ ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಬೂದಿಯಾಯಿತು. ಅಚ್ಚಿನ ಮೊಳೆಗಳೂ ಕರಗಿದವು. ಆದರೆ ಮೊಳೆ ಎರೆಯಲು ಬೇಕಾದ ಉಕ್ಕಿನ ಪಂಚುಗಳು ಅವಶೇಷದಡಿ ಸುರಕ್ಷಿತವಾಗಿ ಸಿಕ್ಕಿ, ಮೊಳೆಗಳನ್ನು ಮತ್ತೆ ಎರೆದರು. ಬರಹಕ್ಕೆ ಅಂಥ ಎರಡನೆಯ ಆಸರೆ ಇರಲಿಲ್ಲ, ಕೇರಿ ಮೊದಲಿನಿಂದ ಬರೆಯಬೇಕಾಯಿತು. ಅವರ ಕನ್ನಡ ವ್ಯಾಕರಣ ಅದೇ ಮುದ್ರಣಾಲಯದಿಂದ ಹೊರಬಂದದ್ದು 1817ರಲ್ಲಿ.

● ಇಂದು ಕನ್ನಡದ ಪುಸ್ತಕಗಳಿಗೆ ಕಾನೂನೇ ಬ್ಯಾಕಪ್ ಒದಗಿಸಿದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಧಾರವಾಡದಲ್ಲಿ ಅಚ್ಚಾದ ಪುಸ್ತಕದ್ದೂ ಕೋಲ್ಕತ್ತದ ಅಲಿಪುರದಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಬೇಕು. ಚೆನ್ನೈ, ಮುಂಬೈ, ದೆಹಲಿಗಳಿಗೂ ಒಂದೊಂದು.

● ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ನಿಯಮದ ತಿರುಳೂ ಇದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂದಾಗ ಕಾಲೇಜ್ ಸ್ಟ್ರೀಟಿನ ಪುಸ್ತಕಗಳು ನೀರಿನಲ್ಲಿ ತೇಲಿದವು. ಒಂದೇ ಕಪಾಟಿನಲ್ಲಿ ಎರಡು ಡಿಸ್ಕು ಇಟ್ಟರೆ ನೀರು ಎರಡನ್ನೂ ಮುಳುಗಿಸುತ್ತದೆ. ಒಂದು 8 ಟಿಬಿ ಕೊಳ್ಳಲು ಹೊರಟಿದ್ದರೆ ಎರಡು 4 ಟಿಬಿ ಕೊಳ್ಳಿ. ಎರಡರಲ್ಲೂ ಅವೇ ಫೈಲುಗಳನ್ನು ತುಂಬಿ, ಒಂದನ್ನು ರಜೆಗೆ ಹೋದಾಗ ಊರಿನಲ್ಲಿ ಬಿಟ್ಟು ಬನ್ನಿ.