ಪುರಸಭೆಯಾದ ಕೆಂಭಾವಿ

ಸ್ಪೇನ್ ದೇಶದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಪುರಸಭೆಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾವಿರ ಜನರೂ ಇಲ್ಲದ ಹಳ್ಳಿಗಳು. ತೀರ ಸಣ್ಣ ಊರುಗಳಲ್ಲಿ ಚುನಾಯಿತ ಮಂಡಳಿಯ ಬದಲು ಊರಿನ ಮತದಾರರೆಲ್ಲರೂ ಒಂದೆಡೆ ಸೇರಿ ಊರಿನ ಕಾರ್ಯಗಳನ್ನು ತೀರ್ಮಾನಿಸುವ ಪ್ರಾಚೀನ ಪದ್ಧತಿಯೊಂದು ಇಂದಿಗೂ ಉಂಟು. ನಮ್ಮ ನಾಡಿನ ಕ್ರಮ ಬೇರೆ. ಇಲ್ಲಿ ಹಳ್ಳಿ ಬೆಳೆದ ಮೇಲೆಯೇ ಅದಕ್ಕೆ ಪುರಸಭೆಯ ಪದವಿ. ಹಾಗೆ ಪದವಿ ಪಡೆದ ಊರುಗಳಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕೆಂಭಾವಿಯೂ ಒಂದು.

ಈ ಸೀಮೆಗೆ ಸಗರನಾಡು ಎಂಬುದು ಹಳೆಯ ಹೆಸರು. ಕೆಂಭಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ದೊರೆತಿವೆ. ಸಮೀಪದ ಮುದನೂರು ನೇಕಾರ ವಚನಕಾರ ಜೇಡರ ದಾಸಿಮಯ್ಯನ ಊರು. ಕೆಂಭಾವಿಯ ಹೆಸರನ್ನು ನಾಡಿಗೆ ಪರಿಚಯಿಸಿದವನಾದರೋ ಶಿವಶರಣ ಭೋಗಯ್ಯ. ಬಸವಪುರಾಣದಲ್ಲಿ ಅವನ ಕಥೆ ಬರುತ್ತದೆ. ಶಿವನು ಕೀಳೆಂದು ಎಣಿಸಲ್ಪಟ್ಟ ಕುಲದ ಜಂಗಮನ ವೇಷದಲ್ಲಿ ಬಂದಾಗ ಭೋಗಯ್ಯನು ಅವನನ್ನು ಮನೆಯೊಳಕ್ಕೆ ಬರಮಾಡಿಕೊಂಡು ಸತ್ಕರಿಸಿದನಂತೆ. ಊರಿನ ಮೇಲುಜಾತಿಯವರು ಅರಸನಲ್ಲಿ ದೂರಿತ್ತು ಅವನನ್ನು ಊರಿನಿಂದ ಹೊರಗಟ್ಟಿಸಿದರು. ಭೋಗಯ್ಯನು ಹೊರಟೊಡನೆ ಊರಿನ ಲಿಂಗಗಳೆಲ್ಲವೂ ಗುಡಿಗಳನ್ನು ಬಿಟ್ಟು ಅವನ ಹಿಂದೆಯೇ ಹೊರಟವು. ಬೆದರಿದ ಜನ ಅವನ ಕಾಲಿಗೆರಗಿ ಹಿಂದಕ್ಕೆ ಕರೆತಂದರು. ಸುಂಕದವನಾದ ಜಕ್ಕಾಯನ ಮನೆಗೆ ಪ್ರಭು ಯೇಸು ಅತಿಥಿಯಾಗಿ ಹೋದಾಗ ಗೊಣಗಿದ ಜನರ ನೆನಪು ನಮಗೆ ಇಲ್ಲಿ ಬಾರದಿರದು.

ಮುಂದೆ ಈ ನಾಡು ಸುರಪುರದ ನಾಯಕರದಾಯಿತು. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು ಸೋತ ಬಳಿಕ, 1860ರಲ್ಲಿ ಸಂಸ್ಥಾನವು ಹೈದರಾಬಾದಿನ ನಿಜಾಮನ ವಶಕ್ಕೆ ಹೋಯಿತು. 1948ರಲ್ಲಿ ವಿಮೋಚನೆ, 1956ರಲ್ಲಿ ಕನ್ನಡನಾಡಿನೊಡನೆ ಏಕೀಕರಣ. ಬಹುಕಾಲ ಗುಲಬರ್ಗಾ ಜಿಲ್ಲೆಯಲ್ಲಿದ್ದ ಈ ತಾಲೂಕು 2009ರ ಕೊನೆಯಲ್ಲಿ ರಚನೆಗೊಂಡ ಯಾದಗಿರಿ ಜಿಲ್ಲೆಗೆ ಸೇರಿತು. ಕೃಷ್ಣೆಯಾಚೆಯ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕಥೋಲಿಕ ಸಮುದಾಯವಿರುವುದು ನಮ್ಮವರಲ್ಲಿ ಹಲವರಿಗೆ ತಿಳಿದದ್ದೇ. ನದಿಯ ಈಚೆಯ ದಡವನ್ನು ಬಲ್ಲವರು ಕಡಿಮೆ.

ಎರೆಭೂಮಿಯಲ್ಲಿ ಜೋಳ, ತೊಗರಿಗಳನ್ನು ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜನರಿಗೆ ನಾರಾಯಣಪುರದ ಬಸವಸಾಗರ ಜಲಾಶಯ ಹೊಸ ಬದುಕನ್ನು ತೋರಿತು. ಅದರ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತದ ಗದ್ದೆಗಳೆದ್ದವು. ಆದರೆ ಕಾಲುವೆಯ ತಲೆಯಲ್ಲಿದ್ದವನಿಗೆ ಭತ್ತ, ಬಾಲದಲ್ಲಿದ್ದವನಿಗೆ ಕಾಯುವಿಕೆ; ನೀರಾವರಿ ಬಂದ ಎಲ್ಲ ಕಡೆಯ ಕಥೆ ಇದೇ. ಹೊಲವೇ ಇಲ್ಲದವನಿಗೆ ಬಾಲವೂ ಇಲ್ಲ. ಅಂಥವರು ಸುಗ್ಗಿ ತೀರಿದೊಡನೆ ಗಂಟುಮೂಟೆ ಕಟ್ಟಿ, ಮಕ್ಕಳನ್ನೂ ಕರೆದುಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಆ ಮಕ್ಕಳು ತರಗತಿಯಲ್ಲಿರುವುದಿಲ್ಲ.

ಪುರಸಭೆಯಾದದ್ದರಿಂದ ರಸ್ತೆ, ದೀಪ, ನಲ್ಲಿಗಳಿಗೆ ಪ್ರತ್ಯೇಕ ಅನುದಾನಕ್ಕೆ ಅವಕಾಶವುಂಟು; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ 2005ರ ಉದ್ಯೋಗ ಖಾತರಿ ಕಾಯ್ದೆಯನ್ನು ರಚಿಸಿದ್ದು ಗ್ರಾಮೀಣ ಪ್ರದೇಶಕ್ಕಾಗಿ. ಊರು ಪಟ್ಟಣವೆನಿಸಿಕೊಂಡ ದಿನವೇ ಅಲ್ಲಿನ ಕೂಲಿಕಾರನ ಆ ಹಕ್ಕು ತಪ್ಪಿತು. ಮನೆಯ ಮುಂದೆ ಮೊದಲಿದ್ದ ಹೊಲವೇ ಈಗಲೂ ಇದೆ, ಮಾಡುವ ಕೂಲಿಯೂ ಹೊಲದ್ದೇ. ಗ್ರಾಮಸಭೆಯಲ್ಲಿ ಪ್ರತಿಯೊಬ್ಬ ಮತದಾರನೂ ಸದಸ್ಯ, ಎದ್ದು ನಿಂತು ಕೇಳಬಲ್ಲ. ಪುರಸಭೆಯಲ್ಲಿ ಅವನ ಪರವಾಗಿ ವಾರ್ಡಿನ ಸದಸ್ಯರೇ ಬಾಯಿ ತೆರೆಯಬೇಕು. ಸ್ಪೇನಿನ ಹಳ್ಳಿಗನು ಉಳಿಸಿಕೊಂಡಿರುವುದನ್ನು ನಮ್ಮವನು ಬಡ್ತಿಯ ಹೆಸರಿನಲ್ಲಿ ಬಿಟ್ಟುಕೊಟ್ಟಂತಾಗಲಿಲ್ಲವೇ? ಪಟ್ಟಣವಾಗಿಯೂ ಹೊಲವನ್ನೇ ನಂಬಿದ ಇಂಥ ಊರುಗಳಿಗೆ ಪುರಸಭೆಯ ಮೂಲಕವೇ ಉದ್ಯೋಗ ಖಾತರಿ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ, ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನ ಮುಂದೆ ಒಲೆ ಹೂಡಿ ರೊಟ್ಟಿ ಬಡಿಯುವ ತಾಯಂದಿರನ್ನು ನಗರವಾಸಿಗಳಾದ ನಮ್ಮ ಕುಟುಂಬಗಳು ಕಂಡೇ ಇರುತ್ತವೆ. ಯಾವ ಊರಮ್ಮಾ ಎಂದರೆ, ಯಾದಗಿರಿ ಕಡೆ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತು ಕೇಳಿದರೆ ಸುರಪುರ, ಶಹಾಪುರ, ಕೆಂಭಾವಿಗಳ ಹೆಸರೂ ಹೊರಬರಬಹುದು.