ಸ್ಕಂದಗಿರಿಯಲ್ಲಿ ಧ್ರುವಪ್ರಭೆ ಕಾಣುವುದೇ?

ಬೆಟ್ಟದ ತುದಿಯ ಹಳೆಯ ಕೋಟೆಗೋಡೆ, ಅದರ ಮೇಲೆ ಪರದೆಯಂತೆ ತೂಗುವ ಹಸಿರು ಬೆಳಕು. ‘ಸ್ಕಂದಗಿರಿಯಲ್ಲಿ ಕಂಡ ಧ್ರುವಪ್ರಭೆ’ ಎಂಬ ಬರಹದೊಂದಿಗೆ ಇಂಥದೊಂದು ಚಿತ್ರ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಏಳನೇ ತರಗತಿಯ ಮೊಮ್ಮಗಳು, “ತಾತ, ಬೆಟ್ಟ ಇಲ್ಲೇ ಪಕ್ಕದಲ್ಲಿದೆ. ನಾವೂ ಹೋಗಿ ಫೋಟೊ ತೆಗೆಯೋಣ” ಎಂದು ಹಟ ಹಿಡಿದಳು. ಚಿತ್ರ ಸುಳ್ಳು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಏಕೆ ಸುಳ್ಳು ಎಂದು ತಿಳಿಸದಿದ್ದರೆ ನಾನು ಇಷ್ಟು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದಕ್ಕೆ ಏನರ್ಥ? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬೆಳಕು ಹುಟ್ಟುವ ಬಗೆ

ಸೂರ್ಯ ಬೆಳಕನ್ನಷ್ಟೇ ಕೊಡುವುದಿಲ್ಲ. ವಿದ್ಯುತ್ ತುಂಬಿದ ಸೂಕ್ಷ್ಮ ಕಣಗಳನ್ನೂ ಸದಾ ಹೊರಚೆಲ್ಲುತ್ತಿರುತ್ತಾನೆ. ಇದೇ ಸೌರಮಾರುತ. ಒಮ್ಮೊಮ್ಮೆ ಸೂರ್ಯನ ಮೇಲೆ ಭಾರಿ ಸ್ಫೋಟವಾಗಿ ಕಣಗಳ ದೊಡ್ಡ ಮೋಡವೇ ಸಿಡಿದು ಬರುತ್ತದೆ. ಸುಮಾರು 15 ಕೋಟಿ ಕಿಲೋಮೀಟರ್ ದಾಟಿ ಭೂಮಿಯನ್ನು ತಲುಪಲು ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಕ್ಷೇತ್ರ ಈ ಕಣಗಳಲ್ಲಿ ಹೆಚ್ಚಿನವನ್ನು ಪಕ್ಕಕ್ಕೆ ಸರಿಸುತ್ತದೆ. ಕೆಲವು ಮಾತ್ರ ಕಾಂತರೇಖೆಗಳ ಜಾಡು ಹಿಡಿದು ಧ್ರುವಗಳ ಸಮೀಪ ಕೆಳಗಿಳಿದು, ಗಾಳಿಯ ಪರಮಾಣುಗಳಿಗೆ ಬಡಿಯುತ್ತವೆ. ಆಗ ಆಕಾಶ ಬೆಳಗುತ್ತದೆ. ನೂರು ಕಿಲೋಮೀಟರಿಗಿಂತ ತುಸು ಮೇಲಿರುವ ಆಮ್ಲಜನಕ ಹಸಿರಾಗಿ ಹೊಳೆದರೆ, ಇನ್ನೂರು ಕಿಲೋಮೀಟರಿಗಿಂತ ಎತ್ತರದ್ದು ಕೆಂಪಾಗಿ ಹೊಳೆಯುತ್ತದೆ. ನಾರ್ವೆ, ಐಸ್‌ಲ್ಯಾಂಡ್, ಅಲಾಸ್ಕದವರಿಗೆ ಈ ನೋಟ ಹೊಸದಲ್ಲ.

ನಮಗೇಕೆ ಕಾಣದು?

ಮಕ್ಕಳೇ, ಒಂದು ಉದ್ದನೆಯ ಅಯಸ್ಕಾಂತದ ಮೇಲೆ ಬಿಳಿ ಹಾಳೆ ಇಟ್ಟು ಕಬ್ಬಿಣದ ಪುಡಿ ಉದುರಿಸಿ. ತುದಿಗಳಲ್ಲಿ ಪುಡಿ ಮುಳ್ಳುಹಂದಿಯ ಮುಳ್ಳಿನಂತೆ ಹೊರಚಾಚುತ್ತದೆ. ನಡುವಿನಲ್ಲಿ ಮಾತ್ರ ಅಯಸ್ಕಾಂತಕ್ಕೆ ಸಮನಾಗಿ ಮಲಗಿರುತ್ತದೆ. ಭೂಮಿಯಲ್ಲಿ ನಾವಿರುವುದು ಆ ನಡುವಿನ ಭಾಗದ ಹತ್ತಿರ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ನಮ್ಮ ದೇಶದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಗ್ರಾಮವನ್ನು ಆರಿಸಿದ್ದು ಇದೇ ಕಾರಣಕ್ಕೆ.

ಸ್ಕಂದಗಿರಿಯ ಮೇಲಿನ ಕಾಂತರೇಖೆಗಳು ಹೆಚ್ಚುಕಡಿಮೆ ಮಲಗಿಕೊಂಡೇ ಇವೆ. ಅವುಗಳನ್ನು ಅಡ್ಡಲಾಗಿ ದಾಟಿ ಕೆಳಗಿಳಿಯುವುದು ಆ ಕಣಗಳಿಗೆ ಸುಲಭವಲ್ಲ. ಹಾಗಾಗಿ ನಮ್ಮ ಬೆಟ್ಟದ ಮೇಲೆ ಹಸಿರು ಪರದೆ ತೂಗದು. ಅದಕ್ಕೆ ಬೇಸರ ಬೇಡ. ಧ್ರುವಪ್ರಭೆ ಕಾಣುವ ನಾಡುಗಳಲ್ಲಿ ಸೌರ ಬಿರುಗಾಳಿಯ ಪೆಟ್ಟೂ ಜಾಸ್ತಿ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಇಂಥ ಬಿರುಗಾಳಿಯಿಂದ ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ನಾವು ಕೊಡೆಯ ನಡುವೆ ನಿಂತವರು, ಅವರು ಅಂಚಿನಲ್ಲಿ ನಿಂತವರು.

ಹಾನ್ಲೆಯ ಕೆಂಪು ಆಕಾಶ

ಭಾರತದಲ್ಲಿ ಯಾರಿಗೂ ಕಂಡಿಲ್ಲವೇ? ಕಂಡಿದೆ. 2024ರ ಮೇ 10ರ ರಾತ್ರಿ, ಎರಡು ದಶಕಗಳಲ್ಲೇ ಪ್ರಬಲವಾದ ಸೌರ ಬಿರುಗಾಳಿ ಭೂಮಿಗೆ ಬಡಿದಾಗ, ಲಡಾಖ್‌ನ ಹಾನ್ಲೆಯ ಕ್ಯಾಮೆರಾಗಳಲ್ಲಿ ಕೆಂಪು ಧ್ರುವಪ್ರಭೆ ದಾಖಲಾಯಿತು. ಕೆಂಪೇ ಏಕೆ? ದೂರದ ಊರಿನ ತೇರು ಬರುವಾಗ ಮನೆಗಳ ಸಾಲಿನ ಮೇಲೆ ಅದರ ಕಳಸವಷ್ಟೇ ಕಾಣುತ್ತದಲ್ಲ, ಹಾಗೆ. ಬಹುದೂರದ ಉತ್ತರದಲ್ಲಿ ಎದ್ದ ಬೆಳಕಿನ ಮೇಲ್ತುದಿ ಮಾತ್ರ ಹಾನ್ಲೆಯ ದಿಗಂತದ ಮೇಲೆ ಕಂಡಿತು. ಹಸಿರು ಭಾಗ ಭೂಮಿಯ ಬಾಗಿನಲ್ಲಿ ಮರೆಯಾಗಿತ್ತು.

ಇಂಥ ಮಸುಕು ಕೆಂಪನ್ನು ಕತ್ತಲಲ್ಲಿ ಗುರುತಿಸುವುದು ನಮ್ಮ ಕಣ್ಣಿಗೆ ಕಷ್ಟ. ಕ್ಯಾಮೆರಾ ಹಲವು ಸೆಕೆಂಡು ಬಾಗಿಲು ತೆರೆದಿಟ್ಟು, ಬಂದ ಬೆಳಕನ್ನೆಲ್ಲ ಕೂಡಿಸಿಕೊಳ್ಳುತ್ತದೆ. ಹನಿ ಹನಿ ಕೂಡಿ ಹಳ್ಳವಾದಂತೆ. ಅಂದಹಾಗೆ, ಹಾನ್ಲೆಯ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿನ ಎರಡು ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ!

ಬಿರುಗಾಳಿಯ ಮೇಲೆ ನಮ್ಮ ಜಿಲ್ಲೆಯ ಕಣ್ಣು

ಧ್ರುವಪ್ರಭೆಯ ತವರು ಸೂರ್ಯ ತಾನೆ? ಆ ತವರನ್ನು ಹಗಲಲ್ಲಿ ಕಾಯುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಸ್ಕಂದಗಿರಿಯಿಂದ ವಾಯವ್ಯಕ್ಕಿರುವ ಗೌರಿಬಿದನೂರಿನ ಬಳಿ 1976ರಿಂದ ರೇಡಿಯೊ ವೀಕ್ಷಣಾಲಯವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟವು. ಮುಂದೆ ಸೂರ್ಯನಿಗೆಂದೇ ಬೇರೆ ಆಂಟೆನಾಗಳೂ ಬಂದವು. ಸೂರ್ಯನ ಹೊರ ಪ್ರಭಾವಲಯ ಹೊಮ್ಮಿಸುವ ರೇಡಿಯೊ ಅಲೆಗಳನ್ನು ಅವು ಹಿಡಿಯುತ್ತವೆ. ಈ ಅಲೆಗಳು ಎಂಟು ನಿಮಿಷದಲ್ಲೇ ಬರುತ್ತವೆ. ಕಣಗಳ ಮೋಡ ಬರುವುದು ದಿನಗಳ ಮೇಲೆ. ಮಿಂಚು ಮೊದಲು, ಮಳೆ ಆಮೇಲೆ!

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್–1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಇದೇ ಕೆಲಸ ಮಾಡುತ್ತಿದೆ. ಸೂರ್ಯನ ಪ್ರಭಾವಲಯ ನೋಡುವ ಅದರ ಮುಖ್ಯ ಉಪಕರಣ ಸಿದ್ಧವಾದದ್ದೂ ಹೊಸಕೋಟೆಯಲ್ಲೇ.

ನೀವೇ ತೆಗೆಯಬಹುದಾದ ಚಿತ್ರ

ಧ್ರುವಪ್ರಭೆ ಇಲ್ಲದಿದ್ದರೇನು, ಧ್ರುವ ನಕ್ಷತ್ರವಿದೆ. ಯಾವುದೇ ಊರಿನ ಅಕ್ಷಾಂಶ ಎಷ್ಟೋ ಧ್ರುವನೂ ದಿಗಂತದಿಂದ ಸುಮಾರು ಅಷ್ಟೇ ಡಿಗ್ರಿ ಎತ್ತರ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹದಿಮೂರು ಡಿಗ್ರಿ ಚಿಲ್ಲರೆ. ಕೈಯನ್ನು ನೇರ ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿ. ಅಂದರೆ ದಿಗಂತದ ಮೇಲೆ ಒಂದು ಮುಷ್ಟಿ, ಮತ್ತೆರಡು ಬೆರಳು.

ಏಪ್ರಿಲ್, ಮೇ ತಿಂಗಳ ಸಂಜೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಚೆನ್ನಾಗಿ ಕಾಣುತ್ತದೆ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು ಮುಂದುವರಿಸಿದರೆ ಧ್ರುವ ಸಿಗುತ್ತಾನೆ. ವಿಮಾನ ನಿಲ್ದಾಣ, ಬೆಂಗಳೂರಿನ ಬೆಳಕು ದಕ್ಷಿಣಕ್ಕಿರುವುದರಿಂದ ಅವು ನಿಮ್ಮ ಬೆನ್ನ ಹಿಂದೆ ಇರುತ್ತವೆ. ಇಪ್ಪತ್ತು ನಿಮಿಷ ದೀಪ ನೋಡದೆ ಕುಳಿತು ಕಣ್ಣನ್ನು ಕತ್ತಲಿಗೆ ಹೊಂದಿಸಿಕೊಳ್ಳಿ.

ಮೊಬೈಲನ್ನು ಅಲುಗಾಡದಂತೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಧ್ರುವನ ಕಡೆ ತಿರುಗಿಸಿ. ನೈಟ್ ಮೋಡ್‌ನಲ್ಲಿ ಹತ್ತು ಸೆಕೆಂಡಿನ ಚಿತ್ರ ತೆಗೆಯಿರಿ. ಮೊಬೈಲ್ ಕದಲಿಸದೆ ಒಂದು ಗಂಟೆ ಬಿಟ್ಟು ಇನ್ನೊಂದು ತೆಗೆಯಿರಿ. ಎರಡನ್ನೂ ಹೋಲಿಸಿದರೆ ಸುತ್ತಲಿನ ನಕ್ಷತ್ರಗಳು ಧ್ರುವನ ಸುತ್ತ 15 ಡಿಗ್ರಿ ತಿರುಗಿರುತ್ತವೆ. ಧ್ರುವ ಇದ್ದಲ್ಲೇ ಇದ್ದಂತೆ ಕಾಣುತ್ತಾನೆ. ಭೂಮಿ ತಿರುಗುವುದನ್ನೇ ನೀವು ಫೋಟೊ ತೆಗೆದಿರಿ!

ಇದಕ್ಕೆ ಬೆಟ್ಟ ಹತ್ತಬೇಕಿಲ್ಲ, ಮನೆಯ ಮಾಳಿಗೆ ಸಾಕು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಸ್ಕಂದಗಿರಿ ಏರುವುದು ಬೇಡ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಜೊತೆ ನೀವೂ ಕುಳಿತು ಧ್ರುವನ ಕಥೆ ಹೇಳಿ. ಚಿತ್ರದ ಕೆಳಗೆ ಊರು, ದಿನಾಂಕ, ಸಮಯ ಬರೆದಿಡಲು ಮಕ್ಕಳಿಗೆ ನೆನಪಿಸಿ. ನೋಡಿದವರು ತಮ್ಮೂರಿನಲ್ಲೂ ತೆಗೆದು ಪರೀಕ್ಷಿಸಬಹುದಾದ ಚಿತ್ರವೇ ನಂಬಲು ಯೋಗ್ಯವಾದ ಚಿತ್ರ.